ಮುಳ್ಳುಗಿಡದ ಗುರಾಣಿ

ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನನ್ನು, ಜನ ತುಂಬಿದ ಸಭೆಯಲ್ಲಿ, ಮೈಕು ಹಿಡಿದು, ನಮ್ಮ ಮನೆಯ ಕೆಲಸದವಳೆಂದು ಹೇಳಿದವನು ನಾನು. ಬಾಯಿತಪ್ಪಿ ಬಂದ ಮಾತಲ್ಲ ಅದು. ಶಬ್ದ ಆರಿಸಿ, ವಾಕ್ಯ ಕಟ್ಟಿ ಆಡಿದ ಮಾತು. ವಾಕ್ಯ ಕಟ್ಟುವುದನ್ನೇ ಜೀವಮಾನವಿಡೀ ಮಕ್ಕಳಿಗೆ ಕಲಿಸಿದವನು ನಾನು. ಆ ದಿನದ ನನ್ನ ವಾಕ್ಯದಲ್ಲಿ ವ್ಯಾಕರಣದ ದೋಷ ಒಂದೂ ಇರಲಿಲ್ಲ.

ಈ ಪಾಪವನ್ನು ಚರ್ಚಿನ ಗುರುಗಳ ಕಿವಿಯಲ್ಲಿ ನಿವೇದಿಸಿಕೊಂಡದ್ದಾಗಿದೆ — ಒಮ್ಮೆಯಲ್ಲ, ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂದಾಗಲೆಲ್ಲ. ದೇವರ ಕ್ಷಮೆಯನ್ನು ಸಂದೇಹಿಸುವಷ್ಟು ಅಹಂಕಾರ ನನಗಿಲ್ಲ. ಆದರೆ ಅವಮಾನ ಮಾಡುವಾಗ ಮೈಕು ಬೇಕಾಯಿತು, ಪಶ್ಚಾತ್ತಾಪಕ್ಕೆ ಮಾತ್ರ ಜಾಲರಿಯ ಹಿಂದಿನ ಪಿಸುಮಾತು ಸಾಕಾಯಿತು — ಇದೆಂಥ ನ್ಯಾಯ? ಇಷ್ಟು ವರ್ಷ ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಲಿಲ್ಲವಲ್ಲ ಎಂಬ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ನನ್ನ ವಯಸ್ಸಿನವರಿಗೆ ಸಿಟ್ಟು ಒಳ್ಳೆಯದಲ್ಲವೆಂದು ವೈದ್ಯರು ಹೇಳುತ್ತಾರೆ. ಅವರಿಗೆ ಇದು ಗೊತ್ತಿಲ್ಲ.

ನಮ್ಮ ಸಂಘದ ಮಾಸಪತ್ರಿಕೆಗೆ ಇದನ್ನು ಕೊಡುತ್ತೇನೆಂದಾಗ ಕಾರ್ಯದರ್ಶಿ ತಲೆ ಕೆರೆದುಕೊಂಡರು. "ಪಂಡಿತರೇ, ಬಿಡಿ ಮಾರಾಯ್ರೆ. ಹಳೇ ಕತೆ. ಖಲಾಸ್. ದೇವಮಾತೆಯ ಮೇಲೆ ಒಂದು ಚಂದದ ಲೇಖನ ಕೊಡಿ" ಎಂದರು. ಮಾತೆಯ ಮೇಲೆ ಬರೆಯುವ ಕೈಗೆ ಮೊದಲು ಈ ಕೊಳೆ ತೊಳೆಯಬೇಕಾಗಿದೆ, ಸ್ವಾಮಿ.

ನನ್ನ ಹೆಸರು ಬೊನವೆಂಚರ್ ಕಾರ್ಡೋಜಾ. ಹುಡುಗನಾಗಿದ್ದಾಗ ಪಾದ್ರಿಯಾಗಲೆಂದು ಗುರುಮಠ ಸೇರಿದೆ. ಅಲ್ಲಿ ಲ್ಯಾಟಿನ್ ಕಲಿತೆ, ಗುರುವಾಗಲಿಲ್ಲ. ಆಮೇಲೆ ಹಳಗನ್ನಡ, ಸಂಸ್ಕೃತ ಓದಿ ಕನ್ನಡ ಪಂಡಿತನಾದೆ. ಕರಾವಳಿಯ ಶಾಲೆಯೊಂದರಲ್ಲಿ ಕಲಿಸಿ, ನಂತರ ಅಬುಧಾಬಿಯ ಶಾಲೆಗೆ ಬಂದು, ನಿವೃತ್ತನಾಗಿ ಈಗ ದುಬೈಯ ಮಿರ್ದಿಫ್‌ನಲ್ಲಿ ಮಗ ನವೀನನ ಮನೆಯಲ್ಲಿದ್ದೇನೆ. ಗಲ್ಫಿನ ನಮ್ಮ ಕೊಂಕಣಿ ಕ್ರೈಸ್ತರು ನನ್ನನ್ನು ಪಂಡಿತರೆಂದು ಕರೆಯುತ್ತಾರೆ. ಆ ಹೆಸರೇ ನನ್ನನ್ನು ಕೆಡಿಸಿತು ಎಂದು ಬರೆಯಲು ಹೊರಟೆ — ಇಲ್ಲ, ಕೆಟ್ಟವನು ನಾನೇ. ಹೆಸರಿನ ಮೇಲೆ ಏಕೆ ಹೊರಿಸಲಿ?

ನಮ್ಮ ಕುಲನಾಮದ ನಿಜವಾದ ಮೂಲ ನನಗೆ ಬಾಲ್ಯದಿಂದಲೇ ಗೊತ್ತಿತ್ತು. ನನ್ನ ಮುತ್ತಜ್ಜ ತಾಳೆಮರ ಏರಿ ಕಳ್ಳು ಇಳಿಸುತ್ತಿದ್ದವನು. ಒಡೆಯರ ಹಿತ್ತಿಲಿನಲ್ಲಿ ಅವನ ಗುಡಿಸಲು. ಅವನು ಜ್ಞಾನಸ್ನಾನ ಪಡೆದು ಕ್ರೈಸ್ತನಾದ ದಿನ ಒಡೆಯರೇ ಜ್ಞಾನಪಿತರಾಗಿ ನಿಂತರು. ತಲೆಯ ಮೇಲೆ ನೀರು ಬಿದ್ದಾಗ ಒಡೆಯರ ಕುಲನಾಮವೂ ಬಿತ್ತು. ಆ ಒಡೆಯರಿಗಾದರೂ ಅದು ಎಲ್ಲಿಂದ ಬಂದದ್ದು? ಅವರ ಪೂರ್ವಜರಿಗೆ ಗೋವೆಯಲ್ಲಿ ಯಾರೋ ಪರದೇಶದ ಪಾದ್ರಿ ತನ್ನದನ್ನೋ ತನ್ನ ಬಂಧುವಿನದನ್ನೋ ಕೊಟ್ಟುಹೋದದ್ದು. ಕೈಯಿಂದ ಕೈಗೆ ಬಂದ ಹೆಸರು. ಇದರಲ್ಲಿ ನಾಚಿಕೆಪಡುವಂಥದ್ದು ಏನಿತ್ತು? ಏನೂ ಇರಲಿಲ್ಲ. ಆದರೂ ನಾನು ನಾಚಿಕೊಂಡೆ.

ಸಂಘದವರು ಒಮ್ಮೆ ನಮ್ಮವರ ಕುಲನಾಮಗಳ ಬಗ್ಗೆ ಉಪನ್ಯಾಸ ಕೊಡಿರೆಂದು ಕೇಳಿದರು. ಸೋಜರಿಗೂ ಪಿಂಟೋಗಳಿಗೂ ಪೋರ್ಚುಗಲ್ ಸಾಕೆಂದು ಬಿಟ್ಟುಕೊಟ್ಟೆ. ನಮ್ಮ ಹೆಸರು ಸ್ಪೇನಿನಲ್ಲಿಯೂ ಇದೆ, ಪೋರ್ಚುಗಲ್ಲಿನಲ್ಲಿಯೂ ಇದೆ ಎಂದು ತಿಳಿದಿದ್ದೂ, ಎಲ್ಲರ ಸಾಲಿನಲ್ಲಿ ನಿಲ್ಲಲು ಮನಸ್ಸಾಗದೆ, ಸ್ಪೇನನ್ನು ನಮಗೆಂದು ಎತ್ತಿಟ್ಟುಕೊಂಡೆ. ಕಾರ್ದೋ ಎಂದರೆ ಅಲ್ಲಿನ ಒಂದು ಮುಳ್ಳುಗಿಡ. ಅದು ಬೆಳೆದ ನೆಲದವರು ಕಾರ್ಡೋಜಾಗಳು. ಇಷ್ಟು ನಿಜ. ಇಷ್ಟಕ್ಕೇ ನಿಲ್ಲಿಸಿದ್ದರೆ ಪಂಡಿತನ ಮಾತಾಗುತ್ತಿತ್ತು. ನಾನು ಮುಂದುವರಿದು ದೋನ್ ಅಲ್ವಾರೊ ಎಂಬ ವೀರನನ್ನು ಸೃಷ್ಟಿಸಿದೆ. ಶತ್ರುಗಳು ಕಾವಲಿದ್ದ ಮುಳ್ಳಿನ ಬಯಲನ್ನು ಅವನು ಸದ್ದಾಗದಂತೆ ಬರಿಗಾಲಿನಲ್ಲಿ ದಾಟಿದನಂತೆ. ಅರಸನು ಅವನ ರಕ್ತಸಿಕ್ತ ಪಾದಗಳನ್ನು ಕಂಡು ಮುಳ್ಳುಗಿಡವನ್ನೇ ಅವನ ಗುರಾಣಿಗೆ ಲಾಂಛನವಾಗಿ ಕೊಟ್ಟನಂತೆ. ಆ ಮುಳ್ಳಿನ ಬಯಲನ್ನು ಬೇರೊಂದು ದೇಶದ ದಂತಕಥೆಯಿಂದ ಕದ್ದಿದ್ದೆ. ಅಲ್ವಾರೊ ಎಂಬ ಹೆಸರು ನಾಲಿಗೆಗೆ ಹಿತವಾಗಿತ್ತು, ಇಟ್ಟೆ. ಜನ ಕೈ ತಟ್ಟಿದರು. ಸುಳ್ಳಿಗೆ ಬಿದ್ದ ಚಪ್ಪಾಳೆಯ ಸದ್ದೇನೂ ಬೇರೆಯಾಗಿರುವುದಿಲ್ಲ — ಅದೇ ಅಪಾಯ.

ಆಮೇಲೆ ನವೀನ ಅಲ್ ಬರ್ಷಾದ ಶಾಪಿಂಗ್ ಮಾಲಿನಿಂದ ಒಂದು ಚೌಕಟ್ಟು ತಂದ. ಅತ್ತರಿನ ಅಂಗಡಿಗೂ ಮೊಬೈಲ್ ಕವರಿನ ಅಂಗಡಿಗೂ ನಡುವಣ ಒಂದು ಗೂಡಂಗಡಿಯಲ್ಲಿ ಕಂಪ್ಯೂಟರಿಗೆ ನಿಮ್ಮ ಕುಲನಾಮ ಕೊಟ್ಟರೆ ಲಾಂಛನ ಅಚ್ಚಾಗಿ ಹೊರಬೀಳುತ್ತದೆ: ಕೆಂಪು ನೆಲ, ಹಸಿರು ಮುಳ್ಳುಗಿಡ, ಅಕ್ಕಪಕ್ಕದಲ್ಲಿ ಹೊಂಬಣ್ಣದ ಸಿಂಹಗಳು. ಲಾಂಛನಗಳ ವಿದ್ಯೆಯ ಬಗ್ಗೆ ಅಲ್ಪಸ್ವಲ್ಪ ಓದಿದವರಿಗೂ ಗೊತ್ತು — ಲಾಂಛನ ಕೊಡುತ್ತಿದ್ದದ್ದು ಒಬ್ಬ ಮನುಷ್ಯನಿಗೆ, ಅವನಿಂದ ಅವನ ಸಂತತಿಗೆ. ಆ ಹೆಸರು ಹೊತ್ತವರಿಗೆಲ್ಲ ಅಲ್ಲ. ಹೆಸರು ಒಂದೇ ಎಂದು ಗುರಾಣಿ ಹಂಚುವುದು, ಊರು ಒಂದೇ ಎಂದು ಕಂಡಕಂಡವರ ಮನೆಯ ಹಿತ್ತಾಳೆ ದೀಪ ಎತ್ತಿಕೊಂಡು ಬಂದಂತೆ. ಗೊತ್ತಿದ್ದೂ ನಾನು ಆ ಚೌಕಟ್ಟನ್ನು ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ ತೂಗುಹಾಕಿಸಿದೆ. ಪಟದ ಮುಂದೆ ದಿನವೂ ಸಂಜೆ ಜಪಮಾಲೆ ಹೇಳಿದೆ. ಸಿಂಹಗಳು ಕೇಳಿಸಿಕೊಂಡವು.

ಇನ್ನು ಸೆರಫಿನಕ್ಕನ ವಿಚಾರ. ದೊಡ್ಡಪ್ಪನ ಮಗಳು. ನನ್ನ ತಾಯಿ ತೀರಿಕೊಂಡಾಗ ನಾನು ತೊಟ್ಟಿಲ ಕೂಸು; ಅವಳೇ ಇನ್ನೂ ಹುಡುಗಿ, ಆದರೂ ನನ್ನನ್ನು ಸೊಂಟದಿಂದ ಇಳಿಸಲಿಲ್ಲ. ದೊಡ್ಡವಳಾದ ಮೇಲೆ ಅಬುಧಾಬಿಯ ಅರಬ್ಬಿ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದಳು. ಅದಕ್ಕೂ ಮೊದಲು, ನಾನು ಗುರುಮಠ ಬಿಟ್ಟಾಗ ಮನೆಯವರೆಲ್ಲ ಮುಖ ತಿರುಗಿಸಿದ್ದರು. ಅವಳೊಬ್ಬಳು, "ದೇವರಿಗೆ ಬೇಡವಾದ್ರೆ ನಮಗೆ ಬೇಕು, ಊಟಕ್ಕೆ ಬಾ" ಎಂದಿದ್ದಳು.

ಅವಳು ಓವಿ ಹಾಡುತ್ತಿದ್ದಳು. ಮದುವೆಯ ಹಿಂದಿನ ದಿನ ನಮ್ಮಲ್ಲಿ ರೋಸ್ ಎಂಬ ಶಾಸ್ತ್ರವುಂಟು: ವಧುವಿಗೋ ವರನಿಗೋ ತೆಂಗಿನ ಹಾಲು ಹಚ್ಚಿ ಹಿರಿಯರು ಹರಸುತ್ತಾರೆ. ಆಗ ಮನೆಯ ಹಿರಿಯ ಹೆಂಗಸು ಹಾಡು ಎತ್ತುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ; ಅದೇ ಓವಿ. ಸೆರಫಿನಕ್ಕನ ಗಂಟಲಿಗಾಗಿ ದುಬೈ, ಅಬುಧಾಬಿಯ ನಮ್ಮವರು ರೋಸಿನ ದಿನವನ್ನೇ ಅವಳ ರಜೆಗೆ ಹೊಂದಿಸುತ್ತಿದ್ದರು. ಬೇರೆಯವರ ಮನೆಯಲ್ಲಿ ಅವಳು ಎಲ್ಲರಿಗೂ ಗೊತ್ತಿದ್ದ ಪದಗಳನ್ನು ಹಾಡುತ್ತಿದ್ದಳು. ನಮ್ಮ ಮನೆಯ ರೋಸಿಗೆ ಮಾತ್ರ ಇನ್ನೊಂದು ಪದವಿತ್ತು. ಅಜ್ಜಿಯಿಂದ ಅವಳಿಗೆ ಬಂದದ್ದು. ಕೊಂಕಣಿಯದನ್ನು ಕನ್ನಡದಲ್ಲಿ ಹೇಳುವುದಾದರೆ ಅದು ಹೀಗೆ ತೊಡಗುತ್ತದೆ:

ತಾಳೆಯ ತಲೆಯಿಂದ ನೆಲಕಿಳಿದು ಬಂದವನೆ,
ನೀರಿಗೆ ತಲೆಯೊಡ್ಡಿ ಬೆಳಕನ್ನು ಕಂಡವನೆ...

ಮೂರನೆಯ ಸಾಲಿನಲ್ಲಿ ಆ ಮುತ್ತಜ್ಜನ ಹೆಸರು ಬರುತ್ತದೆ — ಜ್ಞಾನಸ್ನಾನಕ್ಕಿಂತ ಮೊದಲಿನ ಹೆಸರು, ಅವನ ತಾಯಿ ಕರೆದ ಹೆಸರು. ಚರ್ಚಿನಲ್ಲಿ ಉಳಿದಿರುವುದು ನೀರು ಬಿದ್ದ ಮೇಲಿನ ಹೆಸರು ಮಾತ್ರ. ಮೊದಲಿನದು ಉಳಿದದ್ದು ಹಾಡಿನಲ್ಲಿ, ಮನೆಯ ಹೆಂಗಸರ ಗಂಟಲಿನಲ್ಲಿ. ನಾಲ್ಕನೆಯ ಸಾಲು, "ನಿನ್ನ ಹೆಸರನು ಈ ಮನೆ ಮರೆಯದಿರಲಿ."

ನವೀನನ ಮದುವೆಗೆ ಬಂದ ಸಂಬಂಧ ದೊಡ್ಡದು; ಹೆಣ್ಣಿನ ಕಡೆಯವರು ಹೆಸರಾಂತ ಜಮೀನುದಾರರ ಪೈಕಿ. ಇಲ್ಲಿ ಸಭಾಂಗಣ ಸಿಗುವುದೂ ಕಷ್ಟ, ರಜೆ ಸಿಗುವುದೂ ಕಷ್ಟ. ಆದ್ದರಿಂದ ಎರಡೂ ಮನೆಯ ರೋಸ್ ಒಂದೇ ವೇದಿಕೆಯಲ್ಲಿ. ವೇದಿಕೆಯ ಹಿಂದೆ, ಗೋಡೆಯಗಲ, ಮುಳ್ಳುಗಿಡ ಮತ್ತು ಸಿಂಹಗಳು. ಸೆರಫಿನಕ್ಕ ತಾನೇ ಹಿಂಡಿದ ತೆಂಗಿನ ಹಾಲನ್ನು ಬಟ್ಟಲಲ್ಲಿ ಹಿಡಿದು, ಶಿಲುಬೆಯ ಗುರುತು ಹಾಕಿ, ಹಾಡು ಎತ್ತಿದಳು. ದೇವರ ಪದ ಮುಗಿಯಿತು. ನಮ್ಮ ಮನೆಯ ಪದ ತೊಡಗಿತು. ತಾಳೆಯ ತಲೆಯಿಂದ... ನವೀನನ ಮಾವ ನನ್ನತ್ತ ಬಾಗಿ, "ಈ ಬಾಯಿ ಯಾರು ಪಂಡಿತರೇ?" ಎಂದು ಕೇಳಿದರು. ಬಾಯಿ ಎಂದರೆ ನಮ್ಮಲ್ಲಿ ಹಿರಿಯ ಹೆಂಗಸು.

ಅಲ್ಲಿಯೇ, ಅವರ ಕಿವಿಯಲ್ಲಿ ಹೇಳಬಹುದಿತ್ತು: ನನ್ನ ಅಕ್ಕ. ಎರಡೇ ಶಬ್ದ. ನಾನು ಎದ್ದು ಹೋಗಿ ಮೈಕು ತೆಗೆದುಕೊಂಡೆ. ಎರಡನೆಯ ಸಾಲು ಮುಗಿದು ಅವಳು ಉಸಿರು ಎಳೆದುಕೊಳ್ಳುತ್ತಿದ್ದಳು.

"ಕ್ಷಮಿಸಬೇಕು. ಇವರು ನಮ್ಮ ಕುಟುಂಬದವರಲ್ಲ. ಊರಿನಲ್ಲಿ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದವರು. ಅಭಿಮಾನದಿಂದ ಹಾಡುತ್ತಿದ್ದಾರೆ. ಇನ್ನು ಶಾಸ್ತ್ರ ಮುಂದುವರಿಯಲಿ."

ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ನನ್ನನ್ನು ನೋಡಿ, "ಹೌದು ಸಾಯ್ಬಾ. ನಂಗೆ ಮರ್ತುಹೋಯ್ತು" ಎಂದಳು. ಸಾಯ್ಬಾ — ನಮ್ಮ ಕಡೆ ಒಡೆಯನನ್ನು ಕರೆಯುವ ಮಾತು. ಸೆರಗಿನಿಂದ ಕೈ ಒರೆಸಿಕೊಂಡು ಹೊರಟುಹೋದಳು. ಬ್ಯಾಂಡಿನವರು ಏನೋ ಬಾರಿಸಿದರು. ಊಟ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು.

ಅದಾದ ಮೇಲೆ ಅವಳು ಯಾರ ರೋಸಿನಲ್ಲಿಯೂ ಹಾಡು ಎತ್ತಲಿಲ್ಲ. ಕರೆಯಲು ಹೋದವರಿಗೆ, "ಕೆಲಸದವರು ಹಾಡಿದ್ರೆ ಶಾಸ್ತ್ರ ಆಗುದಿಲ್ಲಂತೆ" ಎಂದು ನಕ್ಕು ಕಳಿಸುತ್ತಿದ್ದಳಂತೆ. ಒಂದು ಗಂಟಲನ್ನು ನಾನು ಮುಚ್ಚಿಸಿದೆ. ಈಗ ಅವಳು ದುಬೈಯ ಸತ್ವಾದಲ್ಲಿ, ಗ್ಯಾರೇಜು ಇಟ್ಟಿರುವ ಮಗ ವಿಲ್ಲಿಯ ಜೊತೆ, ಹಲವು ಸಂಸಾರಗಳಿರುವ ಹಳೆಯ ವಿಲ್ಲಾವೊಂದರ ಎರಡು ಕೋಣೆಗಳಲ್ಲಿದ್ದಾಳೆ. ಮಿರ್ದಿಫ್‌ನಿಂದ ಅದೇನು ದೂರ? ಅವಳು ಚರ್ಚಿನ ಬೆಳಗಿನ ಪೂಜೆಗೆ ಬರುತ್ತಾಳೆಂದು ತಿಳಿದು ನಾನು ಸಂಜೆಯ ಪೂಜೆಗೆ ಹೋಗತೊಡಗಿದೆ. ಭಕ್ತಿಯ ಸಮಯವನ್ನೂ ಹೇಡಿತನಕ್ಕೆ ತಕ್ಕಂತೆ ಬದಲಿಸಿಕೊಂಡವನು ನಾನು. ನನ್ನ ಹೆಂಡತಿ ಬದುಕಿದ್ದಷ್ಟು ಕಾಲ ಪ್ರತಿ ಕ್ರಿಸ್ಮಸ್‌ಗೆ ನನಗೆ ಹೇಳದೆ ಅಕ್ಕನಿಗೆ ತಿಂಡಿ ಕೊಟ್ಟು ಬರುತ್ತಿದ್ದಳು. ಅದು ನನಗೆ ಗೊತ್ತಿತ್ತು.

ಈಗ ನನ್ನ ಕಿರಿಯ ಮಗಳು ಶೆರಿಲ್‌ಳ ಮದುವೆ ಹತ್ತಿರ ಬಂದಿದೆ. ನವೀನನ ಮಗಳು ಎಲೀಶಾ, ಈ ಎಲ್ಲ ನಡೆದ ಮೇಲೆ ಹುಟ್ಟಿದವಳು, ರೋಸಿನ ದಿನ ಕುಟುಂಬದ ಪರಿಚಯ ಮಾಡಿಕೊಡಬೇಕೆಂದು ಗೊತ್ತಾಗಿದೆ. ಅವಳ ಶಾಲೆಯಲ್ಲಿ ಸ್ಪೇನಿನಿಂದ ಬಂದ ಶಿಕ್ಷಕಿಯೊಬ್ಬರಿದ್ದಾರೆ. ಭಾಷಣ ತಿದ್ದಿಸಲು ಅವರ ಬಳಿ ಹೋಗಿದ್ದ ಮಗು ಮನೆಗೆ ಬಂದವಳೇ ನನ್ನ ಮುಂದೆ ನಿಂತಳು.

"ಆಬ್, ಮಿಸ್ ನಕ್ಕರು. ಕಾರ್ದೋ ಅಂದ್ರೆ ಅವರ ಗ್ರಾಂಡ್‌ಮದರ್ ಕ್ರಿಸ್ಮಸ್‌ಗೆ ಮಾಡುವ ಪಲ್ಯ ಅಂತೆ. ಬಾದಾಮಿ ಹಾಕಿ."

ಆಬ್ ಎಂದರೆ ನಮ್ಮಲ್ಲಿ ಅಜ್ಜ. ನಾನು ಗುರಾಣಿಯ ಮೇಲೆ ಏರಿಸಿದ್ದು ಅಲ್ಲಿನ ಅಜ್ಜಿಯೊಬ್ಬಳ ಪಲ್ಯದ ಪಾತ್ರೆಯಲ್ಲಿತ್ತು.

"ಮತ್ತೆ ಮಿಸ್ ಕೇಳಿದ್ರು, ದೋನ್ ಅಲ್ವಾರೊ ವಿಚ್ ಟೌನ್? ಅವರ ಊರು ಯಾವ್ದು ಆಬ್? ಕ್ಲಾಸಿನಲ್ಲಿ ಸಾರಾ ಕೇಳ್ತಾಳೆ, ಸ್ಪೇನಿನವರಾದ್ರೆ ನೀನ್ಯಾಕೆ ಬ್ರೌನ್ ಅಂತ. ನಾನು, ಇಲ್ಲಿ ಬಿಸಿಲು ಅಲ್ವಾ ಅಂದೆ."

ಊರು! ವೀರನನ್ನು ಸೃಷ್ಟಿಸಿದವನು ಅವನಿಗೊಂದು ಊರು ಕೊಡಲು ಮರೆತಿದ್ದೆ. ಆಗಲೂ ಯಾವುದೋ ಊರಿನ ಹೆಸರು ನನ್ನ ತುಟಿಯವರೆಗೆ ಬಂತು — ಇದನ್ನೂ ಒಪ್ಪಿಕೊಳ್ಳಬೇಕು. ಮಗು ನನ್ನ ಬಾಯಿಯನ್ನೇ ನೋಡುತ್ತಿತ್ತು. ತನ್ನ ಮೈಬಣ್ಣಕ್ಕೂ ನೆಪ ಹುಡುಕುವಂತೆ ಮಾಡಿದ್ದೆ ನಾನು, ಆ ಮಗುವನ್ನು.

"ಅಲ್ವಾರೊ ಇಲ್ಲ ಮಗಾ" ಎಂದೆ.

"ಇಲ್ಲ ಅಂದ್ರೆ? ಡೆಡ್?"

"ಹುಟ್ಟಲೇ ಇಲ್ಲ."

"ಯು ಮೇಡ್ ಹಿಮ್ ಅಪ್?" ಎಂದಳು. ಹೌದೆಂದೆ. ಅವಳು ಸ್ವಲ್ಪ ಹೊತ್ತು ಚೌಕಟ್ಟಿನ ಸಿಂಹಗಳನ್ನು ನೋಡಿದಳು. "ಹಾಗಾದ್ರೆ ನಮ್ಮ ನಿಜವಾದ ಅಜ್ಜನ ಹೆಸ್ರು ಎಂತ?"

ನಾನು ಹಾಡಿನ ಮೊದಲ ಸಾಲು ಹೇಳಿದೆ. ಎರಡನೆಯದನ್ನು ಹೇಳಿದೆ. ಮೂರನೆಯದು — ಬರಲಿಲ್ಲ. ಸಾವಿರ ವರ್ಷದ ಹಿಂದಿನ ಕಾವ್ಯಗಳ ಪದ್ಯಗಳನ್ನು ಇಂದಿಗೂ ತಡವರಿಸದೆ ಹೇಳಬಲ್ಲೆ. ಯಾವ ಅರಸನ ಪಟ್ಟದಾನೆಯ ಹೆಸರೇನೆಂದು ಕೇಳಿ, ಹೇಳುತ್ತೇನೆ. ನನ್ನ ಮುತ್ತಜ್ಜನ ಹೆಸರು ನನ್ನಲ್ಲಿರಲಿಲ್ಲ. ನಾಲಿಗೆಯ ಮೇಲೆ ಆ ಜಾಗದಲ್ಲಿ ಅಲ್ವಾರೊ ಕುಳಿತಿದ್ದ.

ಮನೆಯವರೆಲ್ಲರಿಗೂ ನಡೆದದ್ದನ್ನು ಹೇಳಿದೆ. ನನ್ನ ಸೊಸೆ, "ಪಪ್ಪಾ, ಆ ದಿನ ಡ್ಯಾಡಿ ಯಾಕೆ ಕೇಳಿದ್ದು ಗೊತ್ತುಂಟಾ? ಮನೆಗೆ ಹೋಗಿ ಮಮ್ಮಿ ಹತ್ರ ಹೇಳ್ತಿದ್ರು — ಎಂಥಾ ಸ್ವರ, ಆ ಬಾಯಿ ಅವರ ಮನೆಯವರೇ ಆಗಿದ್ರೆ ಎಷ್ಟು ಚಂದ ಇತ್ತು ಅಂತ" ಎಂದಳು.

ಆಕೆಯ ತಂದೆ ಕೇಳಿದ್ದು ಮೆಚ್ಚುಗೆಯಿಂದ. ನಾನು ಅದರಲ್ಲಿ ತಾತ್ಸಾರವನ್ನು ಕಂಡೆ, ಏಕೆಂದರೆ ತಾತ್ಸಾರ ನನ್ನೊಳಗಿತ್ತು. ಅವರು ಹೀನೈಸಿಯೇ ಕೇಳಿದ್ದರೂ ನನ್ನ ಪಾಪ ಒಂದು ಗುಂಜಿ ಕಡಿಮೆಯಾಗುತ್ತಿರಲಿಲ್ಲ, ಅದು ಬೇರೆ ಮಾತು. ಆದರೂ ಇದನ್ನು ಕೇಳಿದಂದಿನಿಂದ ನನ್ನ ಮೇಲೆ ನನಗಿರುವ ರೋಷಕ್ಕೆ ತಳವೇ ಇಲ್ಲವಾಗಿದೆ.

ಮರುದಿನ ಸತ್ವಾಕ್ಕೆ ಹೋದೆ. ಹಿತ್ತಲ ಬಾಗಿಲಿನ ಬಳಿ ವಾಷಿಂಗ್ ಮಷೀನು ಗಡಗಡಿಸುತ್ತಿತ್ತು. ಅಕ್ಕ ಮಂಚದ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಣ್ಣು ಮಂದವಾಗಿದೆ.

"ಯಾರದು?"

"ನಾನು ಅಕ್ಕ. ಬೋನು."

"ಯಾವ ಬೋನು? ಸ್ಪೇನಿನವರಾ?"

ಅವಳ ಸೊಸೆ ಒಳಗಿನಿಂದ ಕಿಸಕ್ಕನೆ ನಕ್ಕದ್ದು ಕೇಳಿಸಿತು. "ಕೂತ್ಕೊಳ್ಳಿ ಸಾಯ್ಬಾ" ಎಂದಳು ಅಕ್ಕ, "ಕುರ್ಚಿಯ ಒಂದು ಕಾಲು ಅಲುಗ್ತದೆ. ದೊಡ್ಡವರಿಗೆ ತಕ್ಕ ಕುರ್ಚಿ ನಮ್ಮಲ್ಲಿಲ್ಲ."

ನಾನು ಕೂರಲಿಲ್ಲ. ನಿಂತುಕೊಂಡೇ ಕ್ಷಮೆ ಕೇಳಿದೆ — ಚೆನ್ನಾಗಿಯೇ ಕೇಳಿದೆ, ಆ ಚೆನ್ನಾಗಿ ಎಂಬುದೇ ಈಗ ನನಗೆ ಹೇಸಿಗೆ. ಅವಳು ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು. ಮುಗಿದ ಮೇಲೆ ಮೆಲ್ಲನೆ, ಎಲೀಶಾ ಕೇಳಿದಳೆಂದು, ಆ ಮೂರನೆಯ ಸಾಲು ನೆನಪಾಗುತ್ತಿಲ್ಲವೆಂದು, ಅದೊಂದನ್ನು ಹೇಳಿಕೊಡಬೇಕೆಂದು ಬೇಡಿದೆ.

ಅವಳ ಕೈ ನಿಂತಿತು. ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡಿದವಳು ಆಗ ಏಕವಚನಕ್ಕೆ ಇಳಿದಳು. ಆ ಸಭಾಂಗಣದ ದಿನದ ನಂತರ ಅವಳು ನನ್ನನ್ನು ತಮ್ಮನಂತೆ ಕರೆದದ್ದು ಅದೊಂದೇ ಸಲ.

"ಹಾಗಾದ್ರೆ ನೀನು ಕ್ಷಮೆ ಕೇಳ್ಲಿಕ್ಕೆ ಬಂದದ್ದಲ್ಲ ಬೋನು. ಹೆಸರು ಕೇಳ್ಲಿಕ್ಕೆ ಬಂದದ್ದು. ಬೇಕಾದ್ದಿದ್ರೆ ಮಾತ್ರ ನಿಂಗೆ ಅಕ್ಕ."

ಸತ್ಯವದು. ಹೆಸರು ನೆನಪಿದ್ದಿದ್ದರೆ — ಸತ್ವಾಕ್ಕೆ ಹೋಗುತ್ತಿದ್ದೆನೆ? ಹೋಗುತ್ತಿರಲಿಲ್ಲ. ಮಗುವಿಗೆ ಹೆಸರು ಹೇಳಿ, ಒಳ್ಳೆಯವನಾಗಿ, ಮನೆಯಲ್ಲಿಯೇ ಇದ್ದುಬಿಡುತ್ತಿದ್ದೆ.

"ಆ ಹೆಸರು ಕಿವಿಯಲ್ಲಿ ಹೇಳುದಲ್ಲ" ಎಂದಳು ಆಮೇಲೆ. "ರೋಸಿನಲ್ಲಿ, ಜನರ ಎದುರು ಹಾಡುದು. ಜನರ ಎದುರೇ ನಿಲ್ಲಿಸಿದ್ದು ನೀನು."

"ಹಾಗಾದರೆ ಶೆರಿಲ್‌ಳ ರೋಸಿಗೆ ಬಾ ಅಕ್ಕ. ನೀನೇ ಮೊದಲ ಹಾಲು ಹಚ್ಚಬೇಕು. ನೀನೇ ಹಾಡು ಎತ್ತಬೇಕು."

"ಕೆಲಸದವರನ್ನು ಕರೀಲಿಕ್ಕೆ ಸಾಯ್ಬರು ಮನೆವರೆಗೆ ಬರುವ ಕ್ರಮ ಉಂಟಾ?" ಎಂದಳು. ಮತ್ತೆ ಬಹುವಚನ. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. "ಚಹಾ ಕುಡ್ದು ಹೋಗಿ. ವಿಲ್ಲಿಯ ಹೆಂಡ್ತಿ ಸಕ್ಕರೆ ಜಾಸ್ತಿ ಹಾಕ್ತಾಳೆ."

ಕುಡಿದು ಬಂದೆ. ಮನೆಗೆ ಬಂದು ಚೌಕಟ್ಟನ್ನು ಕೆಳಗಿಳಿಸಿದೆ. ಅದರ ಹಿಂದಿನ ಗೋಡೆ ಬೇರೆ ಬಣ್ಣವಾಗಿದೆ. ಅಲ್ಲಿ ಇನ್ನೇನನ್ನೂ ತೂಗುಹಾಕಬೇಡಿರೆಂದು ಮಗನಿಗೆ ಹೇಳಿದ್ದೇನೆ.

ನನ್ನ ಜನರೇ, ನಿಮ್ಮ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆ ದಿನ ಸಭೆಯಲ್ಲಿ ನಮ್ಮ ಊರಿನವರೂ ಇದ್ದಿರಿ. ಅವಳು ನನ್ನ ಅಕ್ಕನೆಂದು ಬಲ್ಲವರಿದ್ದಿರಿ. ಯಾರೂ ಬಾಯಿ ತೆರೆಯಲಿಲ್ಲ. ಆಮೇಲೆ ನಿಮ್ಮಲ್ಲಿ ಕೆಲವರು ಬಂದು, ನಿಮ್ಮ ಕುಲನಾಮಕ್ಕೂ ಒಬ್ಬ ವೀರನನ್ನು ಹುಡುಕಿಕೊಡಿರೆಂದು ಕೇಳಿದಿರಿ. ನಾನು ಹುಡುಕಿಕೊಟ್ಟೆ ಕೂಡ. ಆ ವೀರರೂ ಹುಟ್ಟಿದವರಲ್ಲ. ನಿಮ್ಮ ಗೋಡೆಗಳ ಮೇಲಿನ ಹದ್ದುಗಳನ್ನೂ ಗೋಪುರಗಳನ್ನೂ ಇಳಿಸಿ ಎಂದು ಕೈಮುಗಿದು ಬೇಡುತ್ತೇನೆ. ಸಿಟ್ಟಿದೆ ಎಂದೆ, ಅದರಿಂದ ನನ್ನ ಪಾಲೇನೂ ಕಡಿಮೆಯಾಗುವುದಿಲ್ಲ. ನಿಮ್ಮ ಮೌನಕ್ಕಿಂತ ಮೊದಲು ನನ್ನ ಮಾತು ಬಂತು.

ಈ ಬರಹ ನಿಮ್ಮ ಕೈಗೆ ಸಿಕ್ಕುವ ವಾರದ ಶನಿವಾರವೇ ಶೆರಿಲ್‌ಳ ರೋಸ್. ಸೆರಫಿನಕ್ಕನಿಗೆ ಇದನ್ನು ಎಲೀಶಾ ಓದಿ ಹೇಳಲಾರಳು, ಅವಳಿಗೆ ಕನ್ನಡ ಓದಲು ಬಾರದು — ಅದೂ ಪಂಡಿತನ ಮನೆಯ ನಾಚಿಕೆ. ವಿಲ್ಲಿ ಓದಿ ಹೇಳುವನು. ಆ ದಿನ ಮೊದಲ ಹಾಲು ಹಚ್ಚುವ ಮುನ್ನ ನಾನು ಮೈಕು ತೆಗೆದುಕೊಳ್ಳುತ್ತೇನೆ. ಸೆರಫಿನ್ ಕಾರ್ಡೋಜಾ ನನ್ನ ಅಕ್ಕ, ಈ ಕುಟುಂಬದ ಹಿರಿಯಳು, ನಮ್ಮ ಮನೆಯಲ್ಲಿ ಯಾರೂ ಕೆಲಸಕ್ಕಿರಲಿಲ್ಲ, ನಾವೇ ಇನ್ನೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದವರು ಎಂದು ಹೇಳುತ್ತೇನೆ. ನಂತರ, ಗಂಡಸರು ಓವಿ ಎತ್ತುವ ಪದ್ಧತಿಯಿಲ್ಲದಿದ್ದರೂ, ನನ್ನ ಒಡೆದ ಸ್ವರದಲ್ಲಿ ಆ ಪದವನ್ನು ಎತ್ತುತ್ತೇನೆ. ತಾಳೆಯ ತಲೆಯಿಂದ ಇಳಿದುಬಂದವನ ಸಾಲು. ನೀರಿಗೆ ತಲೆಯೊಡ್ಡಿದವನ ಸಾಲು.

ಮೂರನೆಯದರ ಬಳಿ ನಿಲ್ಲುತ್ತೇನೆ. ಹೆಸರು ಮರೆತಿದ್ದೇನೆಂದು ಹೇಳುತ್ತೇನೆ, ಏಕೆ ಮರೆತೆನೆಂದೂ. ಅವಳು ಬರಬೇಕೆಂದು ನಾನು ಮತ್ತೆ ಕೇಳಿಕೊಂಡಿಲ್ಲ. ಕೇಳುವ ಹಕ್ಕು ಒಂದು ಸಲಕ್ಕೇ ಮುಗಿಯಿತು. ಬಾಗಿಲು ತೆರೆದಿರುತ್ತದೆ. ಬಾರದಿದ್ದರೆ, ಈ ಮನೆ ಮರೆಯದಿರಲಿ ಎನ್ನುವ ನಾಲ್ಕನೆಯ ಸಾಲನ್ನು ನಾನು ಹಾಡುವುದಿಲ್ಲ.